ಶ್ವಾಸಕೋಶದ ವಂಶವಾಹಿ ಕಾಯಿಲೆಗಳು ಮತ್ತು ಜೀನ್ ಚಿಕಿತ್ಸೆ: ಮಾಸ್ತಿ ಹೋಬಳಿಯ ಆಶಾ ಕಾರ್ಯಕರ್ತೆಯರಿಗೆ ಬಹಿರಂಗ ಪತ್ರ

ಮಾಸ್ತಿ ಹೋಬಳಿಯ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ, ಉಪಕೇಂದ್ರಗಳ ಆರೋಗ್ಯ ಸಿಬ್ಬಂದಿಗೆ,

ಶ್ವಾಸಕೋಶದ ಕೆಲವು ಕಾಯಿಲೆಗಳು ದೂಳಿನಿಂದ ಬರುವುದಿಲ್ಲ, ಸೋಂಕಿನಿಂದಲೂ ಬರುವುದಿಲ್ಲ. ಮಗು ಅವನ್ನು ಹುಟ್ಟುವಾಗಲೇ ತನ್ನ ಜೀನುಗಳಲ್ಲಿ ಹೊತ್ತು ತಂದಿರುತ್ತದೆ. ಕೋಲಾರ ಸೀಮೆ ಬಹುಕಾಲದಿಂದ ಬಲ್ಲದ್ದು ಇನ್ನೊಂದು ಬಗೆಯ ಕಾಯಿಲೆಗಳನ್ನು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಕ್ಷಯಕ್ಕೆ ಗಡಿಯಾಚೆ ಮದನಪಲ್ಲಿಯ ಆರೋಗ್ಯವರಂ ಸ್ಯಾನಿಟೋರಿಯಂ ಇತ್ತು. ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆಯ ಬಗ್ಗೆ ಹೇಳಿ ಆಗಬೇಕಾದ್ದೇನಿಲ್ಲ. ಹೀಗಾಗಿ ಬಿಡದೆ ಕೆಮ್ಮುವ ಮಗುವನ್ನು ಕಂಡಾಗ ದಮ್ಮು, ನ್ಯುಮೋನಿಯಾ, ಟಿ.ಬಿ. ಎಂಬ ಮೂರು ಹೆಸರುಗಳೇ ಮೊದಲು ನೆನಪಾಗುತ್ತವೆ. ಬಹಳ ಸಲ ಆ ಊಹೆ ಸರಿಯಾಗಿಯೇ ಇರುತ್ತದೆ. ಈ ಪತ್ರ ಅದು ತಪ್ಪುವ ಕೆಲವೇ ಮಕ್ಕಳ ಬಗ್ಗೆ, ಅವರಿಗಾಗಿ ಜಗತ್ತಿನಲ್ಲಿ ಸಿದ್ಧವಾಗುತ್ತಿರುವ ಜೀನ್ ಚಿಕಿತ್ಸೆಯ ಬಗ್ಗೆ, ಮತ್ತು ಆ ಚಿಕಿತ್ಸೆ ಬರುವ ಮೊದಲೇ ಹಳ್ಳಿಯಲ್ಲಿ ಆಗಬೇಕಾದ ಕೆಲಸದ ಬಗ್ಗೆ.

ಈ ಕಾಯಿಲೆಗಳಲ್ಲಿ ಹೆಚ್ಚು ಅಧ್ಯಯನವಾದದ್ದು ಸಿಸ್ಟಿಕ್ ಫೈಬ್ರೋಸಿಸ್. ಇದರ ಮೂಲ ಏಳನೇ ವರ್ಣತಂತುವಿನಲ್ಲಿರುವ ಸಿ.ಎಫ್.ಟಿ.ಆರ್. ಎಂಬ ಜೀನ್. 1989ರಲ್ಲಿ ಲ್ಯಾಪ್-ಚೀ ತ್ಸುಯಿ, ಫ್ರಾನ್ಸಿಸ್ ಕಾಲಿನ್ಸ್, ಜಾನ್ ರಿಯೋರ್ಡಾನ್ ಅವರ ತಂಡಗಳು ಇದನ್ನು ಪತ್ತೆ ಮಾಡಿದವು. ಈ ಜೀನ್ ಹೇಳಿದಂತೆ ಜೀವಕೋಶ 1480 ಅಮೈನೋ ಆಮ್ಲಗಳನ್ನು ಪೋಣಿಸಿ ಒಂದು ಪ್ರೋಟೀನ್ ಮಾಡುತ್ತದೆ. ಆ ಪ್ರೋಟೀನ್ ಜೀವಕೋಶದ ಹೊರಪೊರೆಯಲ್ಲಿ ಕೂತು ಕ್ಲೋರೈಡನ್ನು, ಅಂದರೆ ಉಪ್ಪಿನ ಒಂದು ಅಂಶವನ್ನು, ಆಚೆ ಈಚೆ ಬಿಡುತ್ತದೆ. ಉಪ್ಪು ಹೋದ ಕಡೆಗೆ ನೀರೂ ಹೋಗುತ್ತದೆ. ಪ್ರೋಟೀನ್ ಕೆಟ್ಟರೆ ಉಸಿರು ನಾಳಗಳ ಒಳಮೈಗೆ ನೀರು ಸಾಲದೆ ಕಫ ಅಂಟಿನಂತಾಗುತ್ತದೆ, ಅದರಲ್ಲಿ ರೋಗಾಣುಗಳು ಬೀಡುಬಿಡುತ್ತವೆ, ವರ್ಷಗಳು ಕಳೆದಂತೆ ನಾಳಗಳು ಹಿಗ್ಗಿ ಹಾಳಾಗುತ್ತವೆ. ಮೇದೋಜೀರಕ ಗ್ರಂಥಿಯ ನಾಳಗಳೂ ಕಟ್ಟಿಕೊಳ್ಳುವುದರಿಂದ ತಿಂದದ್ದು ಮೈಗೆ ಹತ್ತುವುದಿಲ್ಲ. ಮಲ ಜಿಡ್ಡಾಗಿ, ವಿಪರೀತ ನಾರುತ್ತದೆ. ಬೆವರಿನ ಗ್ರಂಥಿಗಳಲ್ಲಿ ಮಾತ್ರ ಕೆಲಸ ತಿರುವುಮುರುವು: ಅಲ್ಲಿ ಉಪ್ಪನ್ನು ಒಳಕ್ಕೆ ಹಿಂತೆಗೆದುಕೊಳ್ಳಬೇಕಾದ ಪ್ರೋಟೀನ್ ಸೋಲುತ್ತದೆ, ಬೆವರು ಅತಿಯಾಗಿ ಉಪ್ಪಾಗುತ್ತದೆ. ಮಗುವಿಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತುತ್ತದೆ ಎಂದು ತಾಯಿ ಹೇಳಿದರೆ ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಈ ಕಾಯಿಲೆ ಬಿಳಿಯರದ್ದು, ಭಾರತದಲ್ಲಿ ಇಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ಚಂಡೀಗಢದ ವೈದ್ಯರು 1968ರಲ್ಲಿ ಒಂದು ಪ್ರಕರಣವನ್ನು ವರದಿ ಮಾಡಿದ ಮೇಲೂ ಆ ನಂಬಿಕೆ ಬೇಗ ಹೋಗಲಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಕಡಿಮೆ ಖರ್ಚಿನ ಬೆವರು ಪರೀಕ್ಷೆ ರೂಢಿಗೆ ಬಂದು, ಪರೀಕ್ಷಿಸುವ ಕಡೆಯೆಲ್ಲ ಮಕ್ಕಳು ಪತ್ತೆಯಾಗತೊಡಗಿದಾಗ ಚಿತ್ರ ಬದಲಾಯಿತು. ವಿದೇಶಗಳಲ್ಲಿ ನೆಲೆಸಿದ ಭಾರತೀಯ ಮೂಲದವರ ಲೆಕ್ಕದಿಂದ ಹತ್ತು ಸಾವಿರದಿಂದ ನಲವತ್ತು ಸಾವಿರ ಶಿಶುಗಳಿಗೆ ಒಂದು ಎಂಬ ಅಂದಾಜುಗಳು ಬಂದಿವೆ. ಯೂರೋಪಿಗಿಂತ ಇದು ವಿರಳ ನಿಜ, ಆದರೆ ಭಾರತದ ಹೆರಿಗೆಗಳ ಸಂಖ್ಯೆಗೆ ಗುಣಿಸಿದರೆ ಸಣ್ಣ ಸಂಖ್ಯೆಯಲ್ಲ. ಭಾರತದ ಮಕ್ಕಳಲ್ಲಿ ಕಾಯಿಲೆಯ ಮುಖವೂ ಸ್ವಲ್ಪ ಬೇರೆ. ಬೇಸಿಗೆಯಲ್ಲಿ ಬೆವರಿನ ಜೊತೆ ಉಪ್ಪು ಸೋರಿ, ಮಗು ಸುಸ್ತಾಗಿ, ರಕ್ತದ ಪೊಟ್ಯಾಸಿಯಂ ಇಳಿದು ಆಸ್ಪತ್ರೆ ಸೇರುವುದೇ ಕೆಲವರಲ್ಲಿ ಮೊದಲ ಸುಳಿವು.

ಜೀನ್ ಒಂದೇ ಆದರೂ ಅದು ಕೆಡುವ ಬಗೆ ಒಂದಲ್ಲ. ಸಿ.ಎಫ್.ಟಿ.ಆರ್. ಜೀನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳು ದಾಖಲಾಗಿವೆ. ಯೂರೋಪಿನ ರೋಗಿಗಳಲ್ಲಿ ಎಫ್508ಡೆಲ್ ಎಂಬ ಒಂದೇ ದೋಷ ಮೂರರಲ್ಲಿ ಎರಡು ಪಾಲಿನಷ್ಟು ಕೆಟ್ಟ ಜೀನುಗಳಿಗೆ ಕಾರಣ. ಭಾರತದಲ್ಲಿ ಅದರ ಪಾಲು ಬಹಳ ಕಡಿಮೆ, ಉಳಿದದ್ದೆಲ್ಲ ಚದುರಿದ ಬಗೆಬಗೆಯ ದೋಷಗಳು. ಮುಂದೆ ಚಿಕಿತ್ಸೆಯ ಮಾತು ಬಂದಾಗ ಈ ಸಂಗತಿಯೇ ಎಲ್ಲಕ್ಕಿಂತ ದೊಡ್ಡದಾಗುತ್ತದೆ.

ಕಾಯಿಲೆ ಮನೆಯೊಳಗೆ ಇಳಿದುಬರುವ ದಾರಿ ಹೀಗಿದೆ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಮಾತ್ರ ಕೆಟ್ಟಿದ್ದರೆ ಆ ವ್ಯಕ್ತಿ ವಾಹಕ. ಅವರಿಗೆ ಕಾಯಿಲೆ ಬರುವುದಿಲ್ಲ, ಗೊತ್ತೂ ಆಗುವುದಿಲ್ಲ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ತಪ್ಪುತ್ತದೆ ಎಂಬ ಲೆಕ್ಕವಿಲ್ಲ. ಸೊಸೆಯ ಕಡೆಯಿಂದ ಬಂದ ಪೀಡೆ ಎಂಬ ಮಾತಿಗೂ ಇಲ್ಲಿ ಆಧಾರವಿಲ್ಲ, ಏಕೆಂದರೆ ಎರಡೂ ಕಡೆಯ ಜೀನ್ ಸೇರದೆ ಈ ಕಾಯಿಲೆ ಆಗುವುದೇ ಇಲ್ಲ.

ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಈ ಸೀಮೆಯಲ್ಲಿ ಹೊಸದಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಅವರ ಜೊತೆಗಾರರು ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮಾಹಿತಿ ಕಲೆಹಾಕಿದರು. ಅವುಗಳಲ್ಲಿ ಶೇ 31ರಷ್ಟು ತಂದೆ ತಾಯಿಯರು ರಕ್ತಸಂಬಂಧಿಗಳಾಗಿದ್ದರು, ಸೋದರಮಾವನ ಮದುವೆಗಳ ಪಾಲು ದೊಡ್ಡದಿತ್ತು. ಆಮೇಲೆ ಈ ಪ್ರಮಾಣ ಇಳಿದಿದೆ, ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಅಂಕಿ ಕಾಲು ಭಾಗಕ್ಕಿಂತ ಮೇಲೇ ಇತ್ತು. ಲೆಕ್ಕ ಸರಳ. ಸೋದರಮಾವ ಒಂದು ಕೆಟ್ಟ ಜೀನಿನ ವಾಹಕನಾಗಿದ್ದರೆ ಅದೇ ಜೀನ್ ಅವನ ಅಕ್ಕನಲ್ಲಿ ಇರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳ ನಡುವೆ ಅದು ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಸಂಬಂಧವಿಲ್ಲದ ಇಬ್ಬರ ನಡುವೆ ಅದೇ ವಿರಳ ಜೀನ್ ಎದುರಾಗುವ ಸಂಭವ ನೂರರಲ್ಲಿ ಒಂದೂ ಇಲ್ಲದಿರಬಹುದು. ಇದರರ್ಥ ಒಳಸಂಬಂಧದ ಮದುವೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ರೋಗಿಗಳೆಂದಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಬಿಡದೆ ಕೆಮ್ಮುವ ಮಗುವಿನ ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರೇ ಎಂಬ ಪ್ರಶ್ನೆ ಕೇಳಲೇಬೇಕಾದದ್ದು, ಕೇಳುವಾಗ ಆಪಾದನೆಯ ದನಿ ಇರಕೂಡದು.

ಉಳಿದ ಕಾಯಿಲೆಗಳು ಇನ್ನೂ ವಿರಳ. ಉಸಿರು ನಾಳಗಳ ಒಳಮೈ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಒಂದೇ ಕಡೆ ಬಾಗುವ ರಾಗಿ ಹೊಲದಂತೆ ಅವೆಲ್ಲ ಒಟ್ಟಿಗೆ ಬಾಗಿ ಕಫವನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಐವತ್ತಕ್ಕೂ ಹೆಚ್ಚು ಜೀನುಗಳಲ್ಲಿ ಯಾವುದೊಂದು ಕೆಟ್ಟರೂ ಈ ರೋಮಗಳ ಚಲನೆ ತಪ್ಪುತ್ತದೆ. ಹುಟ್ಟಿದಂದಿನಿಂದ ಸುರಿಯುವ ಮೂಗು, ಒಣಗದ ಕಫದ ಕೆಮ್ಮು, ಪದೇ ಪದೇ ಸೋರುವ ಕಿವಿ ಇದರ ಗುರುತು. ಈ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆಗೂ ಪಿತ್ತಕೋಶ ಎಡಗಡೆಗೂ ಇರುತ್ತದೆ. ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಹೋಗದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ದ್ರವದ ಪ್ರೋಟೀನುಗಳು ಜೀನಿನ ದೋಷದಿಂದ ಕೆಟ್ಟರೆ, ತಿಂಗಳು ತುಂಬಿ ಹುಟ್ಟಿದ ಶಿಶುವೂ ಮೊದಲ ದಿನಗಳಲ್ಲೇ ಉಸಿರಿಗೆ ಒದ್ದಾಡುತ್ತದೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಎಂಬ ಇನ್ನೊಂದನ್ನು 1963ರಲ್ಲಿ ಸ್ವೀಡನ್ನಿನಲ್ಲಿ ಗುರುತಿಸಲಾಯಿತು. ಭಾರತದಲ್ಲಿ ಅದು ಅಪರೂಪ, ಆದರೆ ಜೀನ್ ಚಿಕಿತ್ಸೆಯ ಕಥೆಯಲ್ಲಿ ಅದಕ್ಕೊಂದು ಸ್ಥಾನವಿದೆ.

ಜೀನ್ ಚಿಕಿತ್ಸೆಯ ಮೂಲ ವಿಚಾರ ಒಂದು ವಾಕ್ಯದಲ್ಲಿ ಮುಗಿಯುತ್ತದೆ: ಕೆಟ್ಟ ಜೀನಿನ ಕೆಲಸ ಮಾಡಬಲ್ಲ ಸರಿಯಾದ ಪ್ರತಿಯನ್ನು ಜೀವಕೋಶದೊಳಗೆ ತಲುಪಿಸುವುದು, ಅಥವಾ ಕೆಟ್ಟ ಅಕ್ಷರವನ್ನೇ ತಿದ್ದುವುದು. ಕಷ್ಟವೆಲ್ಲ ತಲುಪಿಸುವುದರಲ್ಲಿದೆ. ಜೀವಕೋಶದೊಳಗೆ ನುಗ್ಗುವುದರಲ್ಲಿ ವೈರಸ್ಸಿಗಿಂತ ಪಳಗಿದ್ದು ಬೇರೊಂದಿಲ್ಲವಾದ್ದರಿಂದ, ರೋಗ ಹುಟ್ಟಿಸುವ ಅದರ ಜೀನುಗಳನ್ನು ತೆಗೆದು, ಬೇಕಾದ ಜೀನನ್ನು ತುಂಬಿ ಕಳಿಸುವುದು ರೂಢಿಯಾಯಿತು. 1990ರಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಇಂಥ ಚಿಕಿತ್ಸೆ ಮೊದಲು ನಡೆಯಿತು. 1993ರ ಏಪ್ರಿಲ್‌ನಲ್ಲಿ ರೊನಾಲ್ಡ್ ಕ್ರಿಸ್ಟಲ್ ಅವರ ತಂಡ ನೆಗಡಿ ತರುವ ಅಡೆನೋವೈರಸ್ಸಿನಲ್ಲಿ ಸಿ.ಎಫ್.ಟಿ.ಆರ್. ಜೀನನ್ನು ತುಂಬಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಯ ಮೂಗಿಗೂ ಶ್ವಾಸನಾಳಕ್ಕೂ ಬಿಟ್ಟಿತು. ಜೀನ್ ಸಿಕ್ಕಿ ನಾಲ್ಕೇ ವರ್ಷಗಳಾಗಿದ್ದವು, ಇನ್ನೇನು ಕಾಯಿಲೆ ಗೆದ್ದಂತೆಯೇ ಎಂಬ ಉತ್ಸಾಹ ಎಲ್ಲೆಡೆ ಇತ್ತು.

ಗೆಲುವು ಬರಲಿಲ್ಲ. ಜೀನ್ ಕೆಲವೇ ದಿನ ಕೆಲಸ ಮಾಡಿ ನಿಂತಿತು. ಹೆಚ್ಚು ಪ್ರಮಾಣ ಕೊಟ್ಟಾಗ ಶ್ವಾಸಕೋಶದಲ್ಲಿ ಉರಿಯೂತ ಕಾಣಿಸಿತು. 1999ರಲ್ಲಿ ಯಕೃತ್ತಿನ ಬೇರೊಂದು ಕಾಯಿಲೆಗೆ ಇದೇ ಬಗೆಯ ವೈರಸ್ ಪಡೆದ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಯುವಕ ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡ. ಇಡೀ ಕ್ಷೇತ್ರವೇ ಹಲವು ವರ್ಷ ಹಿಂದೆ ಸರಿಯಿತು.

ಶ್ವಾಸಕೋಶ ಜೀನ್ ಚಿಕಿತ್ಸೆಗೆ ಸುಲಭದ ಅಂಗ ಎಂದು ಮೊದಲು ಅನ್ನಿಸಿದ್ದು ಸಹಜ. ಚುಚ್ಚಬೇಕಿಲ್ಲ, ಕೊಯ್ಯಬೇಕಿಲ್ಲ, ನೆಬ್ಯುಲೈಸರ್ ಮೂಲಕ ಉಸಿರಿನಲ್ಲೇ ಕಳಿಸಬಹುದು. ಆದರೆ ಹೊರಗಿನಿಂದ ಬಂದದ್ದನ್ನು ಒಳಗೆ ಬಿಡದಿರುವುದೇ ಶ್ವಾಸಕೋಶ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಕಫದ ಪದರ ವೈರಸ್ಸನ್ನು ಹಿಡಿದುಕೊಳ್ಳುತ್ತದೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಆ ಪದರ ಇನ್ನೂ ದಪ್ಪ. ಅದನ್ನು ದಾಟಿದ್ದನ್ನು ರೋಮಗಳು ಗುಡಿಸಿ ಹಾಕುತ್ತವೆ, ಕಾವಲು ಕೋಶಗಳು ನುಂಗುತ್ತವೆ. ಜೀವಕೋಶದ ಮೇಲ್ಮೈಯವರೆಗೆ ಹೋದರೂ ಹಲವು ವೈರಸ್ಸುಗಳಿಗೆ ಬೇಕಾದ ಬಾಗಿಲು ಅಲ್ಲಿರುವುದಿಲ್ಲ, ಕೋಶದ ತಳಭಾಗದಲ್ಲಿರುತ್ತದೆ. ಒಳಹೊಕ್ಕರೂ ಮೇಲಿನ ಕೋಶಗಳು ಕಾಲಕ್ರಮದಲ್ಲಿ ಉದುರಿ ಹೊಸವು ಬರುವುದರಿಂದ, ಬುಡದ ಮೂಲ ಕೋಶಗಳನ್ನು ಮುಟ್ಟದ ಹೊರತು ಫಲ ಉಳಿಯುವುದಿಲ್ಲ. ಮತ್ತೆ ಕೊಡೋಣವೆಂದರೆ ದೇಹ ಅಷ್ಟರಲ್ಲಿ ಆ ವೈರಸ್ಸಿನ ವಿರುದ್ಧ ಪ್ರತಿಕಾಯ ಮಾಡಿಟ್ಟುಕೊಂಡಿರುತ್ತದೆ. ಎ.ಎ.ವಿ. ಎಂಬ ನಿರುಪದ್ರವಿ ವೈರಸ್ಸಿನಲ್ಲಿ ಇನ್ನೊಂದು ತೊಡಕು: ಅದು ಹೊರಬಲ್ಲದ್ದು ಡಿ.ಎನ್.ಎ.ಯ ಸುಮಾರು 4,700 ಅಕ್ಷರಗಳನ್ನು ಮಾತ್ರ, ಸಿ.ಎಫ್.ಟಿ.ಆರ್. ಸಂದೇಶವೇ 4,400ರಷ್ಟು ಉದ್ದವಿದೆ. ಅದನ್ನು ನಡೆಸುವ ಸ್ವಿಚ್ಚಿಗೆ ಜಾಗವೇ ಉಳಿಯುವುದಿಲ್ಲ.

ಈ ಗೋಡೆಗಳ ನಡುವೆಯೂ ಒಂದು ಪ್ರಯೋಗ ಸ್ವಲ್ಪ ದಾರಿ ತೋರಿಸಿತು. ಬ್ರಿಟನ್ನಿನ ಮೂರು ವಿಶ್ವವಿದ್ಯಾಲಯಗಳ ಒಕ್ಕೂಟ ವೈರಸ್ಸನ್ನು ಬಿಟ್ಟು, ಜೀನನ್ನು ಕೊಬ್ಬಿನ ಸಣ್ಣ ಹನಿಗಳಲ್ಲಿ ಸುತ್ತಿ, 12 ವರ್ಷ ಮೇಲ್ಪಟ್ಟ ರೋಗಿಗಳಿಗೆ ತಿಂಗಳಿಗೊಮ್ಮೆ ಒಂದು ವರ್ಷ ನೆಬ್ಯುಲೈಸರ್‌ನಲ್ಲಿ ಕೊಟ್ಟಿತು. ಎರಿಕ್ ಆಲ್ಟನ್ ನೇತೃತ್ವದ ಈ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬರೀ ದ್ರವ ಪಡೆದವರಿಗೆ ಹೋಲಿಸಿದರೆ ಜೀನ್ ಪಡೆದವರ ಶ್ವಾಸಕೋಶದ ಸಾಮರ್ಥ್ಯ ಶೇ 3.7ರಷ್ಟು ಮೇಲಿತ್ತು. ರೋಗಿಯ ದಿನಚರಿ ಬದಲಾಯಿಸುವಷ್ಟು ದೊಡ್ಡದಲ್ಲ ಅದು. ಆದರೆ ಉಸಿರಿನಲ್ಲಿ ಕೊಟ್ಟ ಜೀನ್ ಶ್ವಾಸಕೋಶದ ಕುಸಿತವನ್ನು ತಡೆಯಬಲ್ಲದು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯ ಅದೇ. ಅದೇ ಗುಂಪಿನವರು ಬಳಿಕ ಉಸಿರು ನಾಳಕ್ಕೆ ಒಗ್ಗುವ ಹೊರಕವಚ ತೊಡಿಸಿದ ಲೆಂಟಿವೈರಸ್ಸಿನ ಕಡೆಗೆ ಹೊರಳಿದರು. ಅದರ ಮಾನವ ಪ್ರಯೋಗ ಯೂರೋಪಿನಲ್ಲಿ ಶುರುವಾಗಿದೆ. ಕೋವಿಡ್ ಲಸಿಕೆಯಿಂದ ಎಲ್ಲರಿಗೂ ಹೆಸರು ಗೊತ್ತಾದ ಎಂ.ಆರ್.ಎನ್.ಎ.ಯನ್ನು ಉಸಿರಿನಲ್ಲಿ ಕೊಡುವ ಪ್ರಯತ್ನಗಳೂ ಇವೆ. 2021ರಲ್ಲಿ ಅಂಥದ್ದೊಂದು ವಿಫಲವಾಯಿತು, ಬೇರೆ ಕಂಪನಿಗಳು ಪ್ರಯೋಗ ಮುಂದುವರಿಸಿವೆ. ಶ್ವಾಸಕೋಶದ ವಂಶವಾಹಿ ಕಾಯಿಲೆಗೆ ಮಾರುಕಟ್ಟೆಯಲ್ಲಿ ಸಿಗುವ ಜೀನ್ ಚಿಕಿತ್ಸೆ ಜಗತ್ತಿನ ಯಾವ ದೇಶದಲ್ಲೂ ಇನ್ನೂ ಬಂದಿಲ್ಲ.

ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಮಾತ್ರ ಈ ಗೋಡೆಗಳ ಹೊರಗೇ ನಿಂತಿದೆ. ಹಾಳಾಗುವುದು ಶ್ವಾಸಕೋಶವಾದರೂ ಆ ಪ್ರೋಟೀನ್ ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತನ್ನು ರಕ್ತದ ಮೂಲಕ ಮುಟ್ಟುವುದು ಸುಲಭ. 2024ರ ಅಕ್ಟೋಬರ್‌ನಲ್ಲಿ ಒಂದು ಕಂಪನಿ ಆರ್.ಎನ್.ಎ. ತಿದ್ದುವ ಮೂಲಕವೂ, 2025ರ ಮಾರ್ಚ್‌ನಲ್ಲಿ ಇನ್ನೊಂದು ಡಿ.ಎನ್.ಎ.ಯ ಒಂದೇ ಅಕ್ಷರವನ್ನು ತಿದ್ದುವ ಮೂಲಕವೂ ರೋಗಿಗಳ ರಕ್ತದಲ್ಲಿ ಸರಿಯಾದ ಪ್ರೋಟೀನ್ ಕಾಣಿಸಿಕೊಂಡದ್ದನ್ನು ಪ್ರಕಟಿಸಿದವು.

ಜೀನ್ ಚಿಕಿತ್ಸೆ ತಡವಾದ ಈ ವರ್ಷಗಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್‌ಗೆ ಮಾತ್ರೆಗಳು ಬಂದವು. ಕೆಟ್ಟ ಪ್ರೋಟೀನನ್ನೇ ಹಿಡಿದು ಅದರ ಮಡಿಕೆ ಸರಿಪಡಿಸುವ, ಅದರಿಂದ ಕೆಲಸ ಮಾಡಿಸುವ ಔಷಧಿಗಳಿವು. 2012ರಲ್ಲಿ ಐವಾಕಾಫ್ಟರ್‌ಗೆ, 2019ರಲ್ಲಿ ಮೂರು ಔಷಧಿಗಳ ಟ್ರೈಕಾಫ್ಟಾಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ಸಾವಿರಾರು ರೋಗಿಗಳ ಬದುಕು ಬದಲಾದದ್ದು ನಿಜ. ಭಾರತಕ್ಕೆ ಇದರಿಂದ ಎರಡು ಸಮಸ್ಯೆ. ಟ್ರೈಕಾಫ್ಟಾ ಮುಖ್ಯವಾಗಿ ಎಫ್508ಡೆಲ್ ದೋಷವನ್ನು ಗುರಿಯಿಟ್ಟು ರೂಪುಗೊಂಡದ್ದು, ಭಾರತದ ರೋಗಿಗಳಲ್ಲಿ ಅನೇಕರ ದೋಷ ಬೇರೆ. ಪ್ರೋಟೀನೇ ತಯಾರಾಗದ ದೋಷವಿದ್ದರೆ ತಿದ್ದಲು ಏನೂ ಇರುವುದಿಲ್ಲ. ಇನ್ನೊಂದು ಬೆಲೆ. ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಹೆಚ್ಚು, ಅಂದರೆ ಎರಡೂವರೆ ಕೋಟಿ ರೂಪಾಯಿಯ ಆಸುಪಾಸು, ಅದೂ ಜೀವಮಾನವಿಡೀ. ಯಾವ ದೋಷವಿದ್ದರೂ ಸರಿಯಾದ ಜೀನನ್ನೇ ಸೇರಿಸುವ ಚಿಕಿತ್ಸೆ ಯೂರೋಪಿಗಿಂತ ಭಾರತಕ್ಕೆ ಹೆಚ್ಚು ಅಗತ್ಯವಾಗುವುದು ಈ ಕಾರಣದಿಂದ. ಸಂಶೋಧನೆಯ ಹಣ ಹರಿಯುವುದು ಮಾತ್ರ ಯೂರೋಪು, ಅಮೆರಿಕಗಳಲ್ಲೇ.

ಕೇಂದ್ರ ಸರ್ಕಾರದ 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್‌ನ ಹೆಸರಿದೆ. ಕಫ ತೆಳುವಾಗಿಸುವ ಡಿ.ಎನ್.ಏಸ್ ಔಷಧಿಯನ್ನು ಮೂರನೇ ಗುಂಪಿನ ಮೊದಲ ಭಾಗದಲ್ಲೂ, ಪ್ರೋಟೀನ್ ತಿದ್ದುವ ಮಾತ್ರೆಗಳನ್ನು ಎರಡನೇ ಭಾಗದಲ್ಲೂ ಸೇರಿಸಲಾಗಿದೆ. 2022ರ ತಿದ್ದುಪಡಿಯಂತೆ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೋಗಿಗೆ ರೂ. 50 ಲಕ್ಷದವರೆಗೆ ನೆರವು ಸಿಗುತ್ತದೆ. ಅಮೆರಿಕದ ಬೆಲೆಯಲ್ಲಿ ಅದು ಸುಮಾರು ಹತ್ತು ವಾರಗಳ ಟ್ರೈಕಾಫ್ಟಾ. ಆದರೆ ಪರೀಕ್ಷೆ, ಕಿಣ್ವಗಳು, ನೆಬ್ಯುಲೈಸರ್, ಆ್ಯಂಟಿಬಯಾಟಿಕ್‌ಗಳಿಗೆ ಅದೇ ಹಣ ಬಹಳ ದೂರ ಬರುತ್ತದೆ. ಕರ್ನಾಟಕದ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿದೆ: ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ.

ಜೀನ್ ಚಿಕಿತ್ಸೆ ಮಾಡುವ ಸಾಮರ್ಥ್ಯ ದಕ್ಷಿಣ ಭಾರತದಲ್ಲಿ ಇಲ್ಲವೆಂದಲ್ಲ. ಮುಳಬಾಗಿಲಿನ ಕಡೆಯವರು ದೊಡ್ಡ ಕಾಯಿಲೆಗೆ ಹೋಗಿಬರುವ ವೇಲೂರಿನ ಸಿ.ಎಂ.ಸಿ.ಯಲ್ಲೇ ಹಿಮೋಫಿಲಿಯಾ ಇದ್ದ ಐವರಿಗೆ ಲೆಂಟಿವೈರಸ್ ಬಳಸಿ ಜೀನ್ ಚಿಕಿತ್ಸೆ ಯಶಸ್ವಿಯಾಗಿ ನಡೆದು, 2024ರ ಡಿಸೆಂಬರ್‌ನಲ್ಲಿ ವರದಿಯಾಗಿದೆ. ಅಲ್ಲಿ ರೋಗಿಯ ರಕ್ತದ ಮೂಲ ಕೋಶಗಳನ್ನು ಹೊರತೆಗೆದು, ಜೀನ್ ಸೇರಿಸಿ, ಹಿಂದಕ್ಕೆ ಕೊಡಬಹುದು. ಶ್ವಾಸಕೋಶವನ್ನು ಹಾಗೆ ಹೊರತೆಗೆದು ತಿದ್ದಿ ಇಡುವಂತಿಲ್ಲ, ವ್ಯತ್ಯಾಸ ಇಷ್ಟೇ. ಹಾಗಾಗಿ ಉಬ್ಬಸಕ್ಕೋ ಶ್ವಾಸಕೋಶಕ್ಕೋ ಜೀನ್ ಚಿಕಿತ್ಸೆ, ಸ್ಟೆಮ್ ಸೆಲ್ ಚಿಕಿತ್ಸೆ ಕೊಡುತ್ತೇವೆಂದು ಹಣ ಕೇಳುವವರು ಬಂದರೆ ಅವರನ್ನು ನಂಬಬಾರದು. ನಿಜವಾದ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲೇ ನೋಂದಣಿಯಾಗಿರುತ್ತದೆ, ಪ್ರಯೋಗದ ಖರ್ಚನ್ನು ಅದು ರೋಗಿಯ ಮೇಲೆ ಹೇರುವುದಿಲ್ಲ. ಹೊಲ ಅಡವಿಟ್ಟು ಕಟ್ಟಬೇಕಾದ ಚಿಕಿತ್ಸೆ ಪ್ರಯೋಗವೂ ಅಲ್ಲ, ಚಿಕಿತ್ಸೆಯೂ ಅಲ್ಲ.

ಮುಂದೆ ಜೀನ್ ಚಿಕಿತ್ಸೆ ಬಂದಾಗ ಅದು ಮೊದಲು ತಲುಪುವುದು ಕಾಯಿಲೆಯ ಹೆಸರು ಗೊತ್ತಿರುವ, ಯಾವ ಜೀನಿನ ಯಾವ ದೋಷ ಎಂದು ದಾಖಲಾಗಿರುವ, ಶ್ವಾಸಕೋಶ ಇನ್ನೂ ಹಾಳಾಗದ ಮಕ್ಕಳನ್ನು. ಟಿ.ಬಿ. ಮಾತ್ರೆ ಮುಗಿಸಿ ಮತ್ತೆ ಟಿ.ಬಿ. ಮಾತ್ರೆ ಶುರುಮಾಡಿದ ಮಗು ಆ ಪಟ್ಟಿಯಲ್ಲಿ ಇರುವುದಿಲ್ಲ. ರೋಗ ಪತ್ತೆಗೆ ಇಂದೇ ಇರುವ ಸಾಧನ ಬೆವರು ಪರೀಕ್ಷೆ. ತೋಳಿನ ಮೇಲೆ ಸಣ್ಣ ವಿದ್ಯುತ್ತಿನಿಂದ ಔಷಧಿ ಇಳಿಸಿ, ಬೆವರು ಸಂಗ್ರಹಿಸಿ, ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ದಾಟಿದರೆ ಕಾಯಿಲೆ ಬಹುತೇಕ ಖಚಿತ. ನೋವಿಲ್ಲ, ರಕ್ತ ತೆಗೆಯುವುದೂ ಇಲ್ಲ. ಕಾಯಿಲೆ ಬೇಗ ಗೊತ್ತಾದರೆ ಎದೆ ತಟ್ಟಿ ಕಫ ಇಳಿಸುವುದು, ಉಪ್ಪುನೀರಿನ ನೆಬ್ಯುಲೈಸರ್, ಊಟದ ಜೊತೆ ಕಿಣ್ವ, ವಿಟಮಿನ್, ಬೇಸಿಗೆಯಲ್ಲಿ ಹೆಚ್ಚು ಉಪ್ಪು, ಇಷ್ಟರಿಂದಲೇ ಮಗುವಿನ ಆಯಸ್ಸಿಗೆ ವರ್ಷಗಳು ಸೇರುತ್ತವೆ. ಮನೆಯಲ್ಲಿ ಸೌದೆ ಒಲೆಯ ಹೊಗೆ, ಬೀದಿಯಲ್ಲಿ ಇಟ್ಟಿಗೆ ಗೂಡಿನ ಹೊಗೆ ತಪ್ಪಿಸಿದರೆ ಇನ್ನಷ್ಟು.

ಈ ಮಕ್ಕಳನ್ನು ಮೊದಲು ಕಾಣುವವರು ತಜ್ಞ ವೈದ್ಯರಲ್ಲ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಬಾಣಂತಿಯ ಮನೆ ಬಾಗಿಲಿಗೆ ಹೋಗುವುದು ಆಶಾ ಕಾರ್ಯಕರ್ತೆ. ತಿಂಗಳು ತಿಂಗಳು ಮಗುವನ್ನು ತೂಗುವುದು ಅಂಗನವಾಡಿ. ಹುಟ್ಟಿದ ಎರಡು ದಿನವಾದರೂ ಮೊದಲ ಕಪ್ಪು ಮಲ ಹೋಗದೆ ಹೊಟ್ಟೆ ಉಬ್ಬಿದ್ದು, ಹಾಲು ಚೆನ್ನಾಗಿ ಕುಡಿದರೂ ತೂಕ ಏರದಿರುವುದು, ವರ್ಷದೊಳಗೆ ಎರಡು ಮೂರು ಸಲ ನ್ಯುಮೋನಿಯಾ, ಜಿಡ್ಡಿನ ಮಲ, ಉಪ್ಪಿನ ಬೆವರು, ಇದೇ ಮನೆಯಲ್ಲಿ ಹಿಂದೊಂದು ಕೂಸು ಹೀಗೇ ಕೆಮ್ಮಿ ಹೋದದ್ದು: ಇವು ಆ ಮನೆಗಳಲ್ಲೇ ಕೇಳಿಬರುವ ಮಾತುಗಳು. ಮನೆಯವರು ಬಾಲಗ್ರಹ ಎಂದೋ ದೃಷ್ಟಿ ಎಂದೋ ತಾಯತ ಕಟ್ಟಿಸಿರಬಹುದು. ತಾಯತ ಇದ್ದರೆ ಇರಲಿ, ಅದನ್ನು ಕೀಳಿಸುವ ಜಗಳ ಬೇಡ. ಇವುಗಳಲ್ಲಿ ಎರಡು ಲಕ್ಷಣ ಒಂದೇ ಮಗುವಿನಲ್ಲಿ ಕಂಡರೆ ಅದನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಗಮನಕ್ಕೆ ತರಬೇಕು, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯ ಅಥವಾ ಟಮಕದ ವೈದ್ಯಕೀಯ ಕಾಲೇಜಿನ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅಲ್ಲಿಂದ ಬೆಂಗಳೂರಿನ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳುವಾಗ ಚೀಟಿಯ ಮೇಲೆ ಬೆವರು ಪರೀಕ್ಷೆ ಆಗಲಿ ಎಂಬ ಮಾತನ್ನು ಕೇಳಿ ಬರೆಸಿಕೊಳ್ಳಬೇಕೆಂದು ಮಾಸ್ತಿ ಹೋಬಳಿಯ ಎಲ್ಲ ಕಾರ್ಯಕರ್ತೆಯರಲ್ಲಿ ಈ ಪತ್ರದ ಕೋರಿಕೆ.